ಮನೆ ವರ್ಕ್‌ಶಾಪಿನ ಮಷೀನುಗಳಿಗೆ ರಿಮೋಟ್ ಸಾಕೆಟ್ ಹಾಕಬಹುದಾ?

ಗೊರಡು, ಮೈಸೂರು

ಎಲ್ಲರಿಗೂ ನಮಸ್ಕಾರ. ಕಾರ್ ಶೆಡ್ಡನ್ನು ಮರಗೆಲಸಕ್ಕೆ ಮಾಡಿಕೊಂಡಿದ್ದೇನೆ. 1800 ವ್ಯಾಟಿನ ಟೇಬಲ್ ಸಾ (ಮೇಜಿನ ಮೇಲೆ ಬ್ಲೇಡ್ ಎದ್ದು ನಿಲ್ಲುವ ಗರಗಸ), ಮರದ ಪುಡಿ ಎಳೆಯುವ 2 ಎಚ್‌ಪಿ ಡಸ್ಟ್ ಕಲೆಕ್ಟರ್, ಒಂದು ಏರ್ ಕಂಪ್ರೆಸರ್, ಬೆಂಚ್ ಗ್ರೈಂಡರ್ ಇವೆ. ಎಲ್ಲ ಸಿಂಗಲ್ ಫೇಸ್. ಸ್ವಿಚ್ ಬೋರ್ಡ್ ಹಿಂದಿನ ಗೋಡೆಯಲ್ಲಿದೆ, ಟೇಬಲ್ ಸಾ ಬಾಗಿಲ ಹತ್ತಿರ. ಒಂದೇ ಹಲಗೆ ಕೊಯ್ಯಬೇಕೆಂದರೂ ಮೊದಲು ಹಿಂದೆ ಹೋಗಿ ಕಲೆಕ್ಟರ್ ಹಾಕಬೇಕು, ಆದ ಮೇಲೆ ಮತ್ತೆ ಹೋಗಿ ಆರಿಸಬೇಕು.

ಆನ್‌ಲೈನಿನಲ್ಲಿ ರಿಮೋಟ್ ಸಾಕೆಟ್‌ಗಳ ಸೆಟ್ಟು ನೋಡಿದೆ. ಗೋಡೆಯ ಸಾಕೆಟ್ಟಿಗೆ ಅದನ್ನು ಚುಚ್ಚಿ, ಅದಕ್ಕೆ ಮಷೀನಿನ ಪ್ಲಗ್ ಚುಚ್ಚುವುದು. ಕೀಚೈನಿಗೆ ಸಿಕ್ಕಿಸುವಷ್ಟು ಸಣ್ಣ ರಿಮೋಟು. 16 ಆಂಪ್ ಎಂದು ಬರೆದಿದೆ. ಸಾ, ಕಲೆಕ್ಟರ್, ಕಂಪ್ರೆಸರ್ ಮೂರಕ್ಕೂ ಒಂದೊಂದು ಹಾಕೋಣ ಎಂದು ಯೋಚನೆ. ಬಳಸಿದವರು ಹೇಳಿ, ಲೋಡ್ ತಡೆಯುತ್ತದಾ? ಬೇರೆ ಏನಾದರೂ ನೋಡಿಕೊಳ್ಳಬೇಕಾ?

ಉಳಿಪೆಟ್ಟು, ಹುಬ್ಬಳ್ಳಿ

ಸರ್, ನಾನು ಬಳಸುತ್ತಿದ್ದೇನೆ. ಆದರೆ ವ್ಯಾಕ್ಯೂಮ್ ಕ್ಲೀನರಿಗೆ ಮಾತ್ರ. ನನ್ನದು 1400 ವ್ಯಾಟಿನದು, 230 ವೋಲ್ಟಿಗೆ ಹೆಚ್ಚುಕಡಿಮೆ 6 ಆಂಪ್. 16 ಆಂಪಿನ ರಿಮೋಟ್ ಸಾಕೆಟ್ ಇದಕ್ಕೆ ಆರಾಮಾಗಿ ಸಾಕು, ಗಂಟೆಗಟ್ಟಲೆ ಓಡಿದ ಮೇಲೆ ಮುಟ್ಟಿ ನೋಡಿದರೂ ಬಿಸಿ ಇರುವುದಿಲ್ಲ. ಸ್ಯಾಂಡರ್ ಕೈಯಲ್ಲಿ ಹಿಡಿದುಕೊಂಡೇ ವ್ಯಾಕ್ಯೂಮ್ ಹಾಕಬಹುದು. ಇದು ಬಂದ ಮೇಲೆ ಪುಡಿ ಎಳೆಯದೆ ಸ್ಯಾಂಡಿಂಗ್ ಮಾಡುವುದೇ ನಿಂತುಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಷ್ಟು ಹಿಂದೆಯೇ ಮರದ ಪುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಪುಡಿ ಎಳೆಯುವ ಮಷೀನು ಕೈಗೆ ಸಿಗುವ ಹಾಗಿರಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತೆಗೆದುಕೊಳ್ಳುವ ಮುಂಚೆ ಒಂದು ನೋಡಿ. ವ್ಯಾಕ್ಯೂಮಿನ ಸ್ವಿಚ್ಚು ಟಕ್ ಎಂದು ಆ ಕಡೆ ಈ ಕಡೆ ಬೀಳುವಂಥದ್ದು ಇರಬೇಕು. ಮುಟ್ಟಿದರೆ ಸಾಕು ಆನ್ ಆಗುವ ಬಟನ್ ಇದ್ದರೆ ರಿಮೋಟ್ ಸಾಕೆಟ್ಟಿನಿಂದ ಕರೆಂಟ್ ಬಂದರೂ ವ್ಯಾಕ್ಯೂಮ್ ಸುಮ್ನೆ ಕೂತಿರುತ್ತದೆ.

ನಿಮ್ಮ 2 ಎಚ್‌ಪಿ ಕಲೆಕ್ಟರ್ ವಿಷಯ ಗೊತ್ತಿದ್ದವರು ಹೇಳಲಿ. ಅದು ಬೇರೆ ಜಾತಿಯ ಮೋಟಾರು.

ವೈಂಡಿಂಗ್ ಶಾಪ್, ದಾವಣಗೆರೆ

ಮೇಡಂ ಹೇಳಿದ್ದು ಸರಿ, ಜಾತಿಯೇ ಬೇರೆ. ವ್ಯಾಕ್ಯೂಮಿನಲ್ಲಿರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು. ಹಗುರ, ಬೇಗ ವೇಗಕ್ಕೆ ಬರುತ್ತದೆ. ಡಸ್ಟ್ ಕಲೆಕ್ಟರಿನದು ಇಂಡಕ್ಷನ್ ಮೋಟಾರು, ತುದಿಯಲ್ಲಿ ಭಾರದ ಫ್ಯಾನು. 2 ಎಚ್‌ಪಿ ಸಿಂಗಲ್ ಫೇಸ್ ಅಂದರೆ ಓಡುವಾಗ 11-12 ಆಂಪ್ ಎಳೆಯುತ್ತದೆ. ಶುರುವಿನಲ್ಲಿ ಅದರ ಐದಾರು ಪಟ್ಟು. ಅಂದರೆ 60-70 ಆಂಪ್, ಫ್ಯಾನು ವೇಗಕ್ಕೆ ಬರುವ ತನಕ. ಬಾಕ್ಸಿನ ಮೇಲೆ ಬರೆದ 16 ಆಂಪ್ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಅದು ಹೀಟರು, ಇಸ್ತ್ರಿಪೆಟ್ಟಿಗೆಯಂಥ ಲೋಡಿಗೆ ಕೊಟ್ಟ ಅಂಕಿ.

ನನ್ನ ಹತ್ತಿರ ರಿಪೇರಿಗೆ ಇಂಥ ಪ್ಲಗ್‌ಗಳು ಬರುತ್ತಲೇ ಇರುತ್ತವೆ. ದೂರು ಒಂದೇ: ಆನ್ ಆಗಿದೆ, ಆಫ್ ಆಗುತ್ತಿಲ್ಲ. ಬಿಚ್ಚಿದರೆ ಒಳಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ರಿಲೇ, ಅಂದರೆ ಕರೆಂಟಿನಿಂದ ಮುಚ್ಚಿ ತೆರೆಯುವ ಸ್ವಿಚ್ಚು. ಅದರ ಮುಚ್ಚಳ ಬ್ಲೇಡಿನಿಂದ ಎಬ್ಬಿಸಿದರೆ ಎರಡು ಕಾಂಟ್ಯಾಕ್ಟ್ ಪಾಯಿಂಟು ಕಾಣುತ್ತವೆ. ಸುತ್ತ ಕಪ್ಪು ಮಸಿ, ನಡುವೆ ಬೆಳ್ಳಿ ಕರಗಿ ಎರಡೂ ಅಂಟಿಕೊಂಡಿರುತ್ತವೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟಿಕ್ ಎಂದು ಬಿಡುತ್ತವೆ. ರಿಲೇ ಮುಚ್ಚುವಾಗ ಪಾಯಿಂಟುಗಳು ಒಂದೇ ಸಲಕ್ಕೆ ಕೂರುವುದಿಲ್ಲ, ಸ್ವಲ್ಪ ಕುಣಿದು ಕೂರುತ್ತವೆ. ಆ ಕುಣಿತದಲ್ಲಿ 60 ಆಂಪ್ ಹರಿದರೆ ಕಿಡಿ ಎದ್ದು ಕರಗುತ್ತವೆ. ಆಮೇಲೆ ನೀವು ಎಷ್ಟು ಸಲ ಆಫ್ ಒತ್ತಿದರೂ ರಿಮೋಟಿನ ದೀಪ ಆರುತ್ತದೆ, ಮೋಟಾರು ಓಡುತ್ತಲೇ ಇರುತ್ತದೆ.

ಕಲೆಕ್ಟರ್ ನಿಲ್ಲದಿದ್ದರೆ ಕಿರಿಕಿರಿ ಅಷ್ಟೇ. ಟೇಬಲ್ ಸಾ ನಿಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸಿ.

ಗೊರಡು, ಮೈಸೂರು

ಇದು ನನಗೆ ಗೊತ್ತಿರಲಿಲ್ಲ ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಇನ್ನೂ ದೊಡ್ಡ ರಿಲೇ ಇರುವುದು ತೆಗೆದುಕೊಳ್ಳಬೇಕಾ? 25 ಆಂಪ್, 30 ಆಂಪ್ ಎಂದೂ ಬರುತ್ತವೆ.

ವೈಂಡಿಂಗ್ ಶಾಪ್, ದಾವಣಗೆರೆ

ಆ 30 ಕೂಡ ಹೀಟರ್ ಲೆಕ್ಕದ 30. ಮೋಟಾರಿಗೆ ಬೇಕಾದ್ದು ಕಾಂಟ್ಯಾಕ್ಟರ್, ಅಂದರೆ ಮೋಟಾರಿನ ಲೋಡ್ ತಡೆಯುವ ದೊಡ್ಡ ರಿಲೇ. ಕಾಂಟ್ಯಾಕ್ಟರಿನ ಮೈಮೇಲೆ ಎರಡು ಅಂಕಿ ಇರುತ್ತವೆ: ಎಸಿ-1 ಮತ್ತು ಎಸಿ-3. ಮೊದಲನೆಯದು ಹೀಟರಿನಂಥ ಲೋಡಿಗೆ, ಎರಡನೆಯದು ಮೋಟಾರಿಗೆ. ಒಂದೇ ಕಾಂಟ್ಯಾಕ್ಟರು ಎಸಿ-1ರಲ್ಲಿ 20-25 ಆಂಪ್ ಇದ್ದರೆ ಎಸಿ-3ರಲ್ಲಿ 9 ಆಂಪ್ ಇರುತ್ತದೆ. ಅಷ್ಟು ವ್ಯತ್ಯಾಸ. ಅಂಗಡಿಯಲ್ಲಿ ದೊಡ್ಡ ಅಂಕಿ ತೋರಿಸುತ್ತಾರೆ, ನೀವು ಎಸಿ-3 ಕೇಳಿ. ನಿಮ್ಮ ಕಲೆಕ್ಟರಿಗೆ ಎಸಿ-3ರಲ್ಲಿ 18 ಆಂಪ್ ಇರುವುದು ಹಾಕಿ.

ಕಾಂಟ್ಯಾಕ್ಟರನ್ನು ಎಳೆದು ಮುಚ್ಚಿಸುವ ಕಾಯಿಲಿಗೆ ಬೇಕಾದ ಕರೆಂಟು ಮಿಲಿಆಂಪ್ ಲೆಕ್ಕದಲ್ಲಿ. ರಿಮೋಟ್ ಆ ಕಾಯಿಲನ್ನು ಆಡಿಸಲಿ, ಮೋಟಾರಿನ ಕರೆಂಟು ಕಾಂಟ್ಯಾಕ್ಟರಿನಲ್ಲಿ ಹೋಗಲಿ. ಹೀಗೆ ಮಾಡಿದರೆ ಸಣ್ಣ ರಿಲೇನೂ ವರ್ಷಗಟ್ಟಲೆ ಬಾಳುತ್ತದೆ.

ಕೋಡುಗಾರ, ಬೆಂಗಳೂರು

ರಿಮೋಟೇ ಯಾಕೆ? ವೈಫೈ ಸ್ಮಾರ್ಟ್ ಪ್ಲಗ್ ಹಾಕಿ. ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತೋರಿಸುವ 16 ಆಂಪಿನವು ಸುಲಭವಾಗಿ ಸಿಗುತ್ತವೆ. ಟೇಬಲ್ ಸಾಗೆ ಒಂದು ಹಾಕಿ. ಅದು 200 ವ್ಯಾಟ್ ದಾಟಿದ ಕೂಡಲೇ ಕಲೆಕ್ಟರ್ ಆನ್ ಆಗಲಿ ಎಂದು ಆಟೊಮೇಶನ್ ಬರೆಯಬಹುದು. ಸಾ ನಿಂತ ಮೇಲೆ ಹತ್ತು ಸೆಕೆಂಡು ಬಿಟ್ಟು ಕಲೆಕ್ಟರ್ ನಿಲ್ಲಲಿ. ಆಗ ಪೈಪಿನಲ್ಲಿ ಉಳಿದ ಪುಡಿಯೂ ಹೋಗುತ್ತದೆ. ಏನೂ ಒತ್ತಬೇಕಿಲ್ಲ. ಮರ ಕೆತ್ತುವ ನನ್ನ ರೂಟರ್ ಮಷೀನಿಗೂ ವ್ಯಾಕ್ಯೂಮಿಗೂ ಹೀಗೇ ಮಾಡಿದ್ದೇನೆ. ವೈಫೈ ಆದ್ದರಿಂದ ಒಂದೆರಡು ಸೆಕೆಂಡು ತಡ ಆಗುತ್ತದೆ, ಅಷ್ಟೇ.

ಒಂದು ಸೆಟ್ಟಿಂಗ್ ಮಾತ್ರ ಮರೆಯಬೇಡಿ. ಕರೆಂಟ್ ಹೋಗಿ ಬಂದಾಗ ಪ್ಲಗ್ ಏನು ಮಾಡಬೇಕು ಅನ್ನುವುದು ಆ್ಯಪಿನಲ್ಲಿ ಇರುತ್ತದೆ: ಆಫ್ ಇರಲಿ, ಆನ್ ಆಗಲಿ, ಅಥವಾ ಮೊದಲು ಹೇಗಿತ್ತೋ ಹಾಗೆ. ಬಹಳಷ್ಟರಲ್ಲಿ ಕಂಪನಿಯಿಂದ ಬರುವಾಗ ‘ಮೊದಲಿನ ಹಾಗೆ’ ಇರುತ್ತದೆ. ಮಷೀನಿಗೆ ಹಾಕುವುದಾದರೆ ಮೊದಲ ದಿನವೇ ‘ಆಫ್’ ಮಾಡಿ.

ಅಡಿಕೆ ತೋಟ, ತೀರ್ಥಹಳ್ಳಿ

ಎಲ್ಲರೂ ಇಷ್ಟು ಯೋಚಿಸುವುದು ನೋಡಿ ಕೇಳುತ್ತಿದ್ದೇನೆ. ನಮ್ಮ ತೋಟದಲ್ಲಿ 5 ಎಚ್‌ಪಿ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿದ್ದೇವೆ. ತ್ರೀ ಫೇಸ್ ಯಾವ ಹೊತ್ತಿಗೆ ಕೊಡುತ್ತಾರೋ ಆ ಹೊತ್ತಿಗೆ, ರಾತ್ರಿ ಆದರೂ ಮನೆಯಿಂದಲೇ ಫೋನ್ ಮಾಡಿ ಪಂಪ್ ಶುರು ಮಾಡುತ್ತೇವೆ. ಮಳೆಯಲ್ಲಿ, ಕತ್ತಲೆಯಲ್ಲಿ, ಹಾವಿನ ಭಯದಲ್ಲಿ ತೋಟಕ್ಕೆ ಓಡುವುದು ತಪ್ಪಿದೆ. ನಮ್ಮ ಕಡೆ ಮನೆಮನೆಯಲ್ಲಿ ಇದೆ. 5 ಎಚ್‌ಪಿಗೆ ಆಗುವುದು 2 ಎಚ್‌ಪಿಗೆ ಯಾಕೆ ಆಗಬಾರದು? ಟೇಬಲ್ ಸಾಗೂ ಹಾಗೇ ಮಾಡಬಹುದಲ್ವಾ?

ವೈಂಡಿಂಗ್ ಶಾಪ್, ದಾವಣಗೆರೆ

ಅಣ್ಣ, ಒಳ್ಳೆಯ ಉದಾಹರಣೆ ಕೊಟ್ಟಿರಿ. ನಿಮ್ಮ ಮೊಬೈಲ್ ಸ್ಟಾರ್ಟರಿನ ಬಾಕ್ಸ್ ತೆಗೆದು ನೋಡಿ. ಅದರೊಳಗಿನ ರಿಲೇಯಲ್ಲಿ ಪಂಪಿನ ಕರೆಂಟು ಹರಿಯುವುದೇ ಇಲ್ಲ. ಅದು ನಿಮ್ಮ ಹಳೆಯ ಸ್ಟಾರ್ಟರಿನ ಹಸಿರು ಬಟನ್, ಕೆಂಪು ಬಟನ್ ಒತ್ತುವ ಕೆಲಸ ಮಾಡುತ್ತದೆ ಅಷ್ಟೇ. ಭಾರ ಹೊರುವುದು ಸ್ಟಾರ್ಟರಿನ ಕಾಂಟ್ಯಾಕ್ಟರು. ನಾನು ಮೇಲೆ ಹೇಳಿದ್ದೂ ಇದೇ.

ಮೇಂಟೆನೆನ್ಸ್, ಪೀಣ್ಯ

ಲೋಡಿನ ಲೆಕ್ಕ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ತೋಟದವರ ಎರಡನೆಯ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಯಾಕೆಂದರೆ ಅದು ಆಂಪಿನ ಪ್ರಶ್ನೆ ಅಲ್ಲ.

ಬೋರ್‌ವೆಲ್ ಪಂಪಿನಲ್ಲಿ ತಿರುಗುವ ಚಕ್ರ (ಇಂಪೆಲ್ಲರ್) ನೆಲದೊಳಗೆ ಇದೆ. ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ. ನೀವು ಮನೆಯಿಂದ ಶುರು ಮಾಡಿದಾಗ ಅದರ ಪಕ್ಕ ಯಾರಿದ್ದರೂ ಏನೂ ಆಗುವುದಿಲ್ಲ. ಟೇಬಲ್ ಸಾ ಹಾಗಲ್ಲ. ಅದರ ಬ್ಲೇಡು ಮೇಲೆ ಎದ್ದು ನಿಂತಿದೆ. ದಿನಕ್ಕೆ ಎಷ್ಟೋ ಸಲ ಅದರ ಹತ್ತಿರ ಕೈ ಇಡುತ್ತೀರಿ. ಎತ್ತರ ಅಳೆಯಲು, ಚೂರು ತೆಗೆಯಲು, ಬ್ಲೇಡ್ ಬದಲಿಸಲು. ಆ ಹೊತ್ತಿಗೆ ಅದು ಶುರುವಾದರೆ?

ಶುರುವಾಗಲು ದಾರಿ ಬೇಕಾದಷ್ಟಿವೆ. ರಿಮೋಟ್ ಏಪ್ರನ್ ಜೇಬಿನಲ್ಲಿದೆ, ಬಗ್ಗಿದಾಗ ಬೆಂಚಿಗೆ ಒತ್ತಿತು. ಮಗು ರಿಮೋಟ್ ಎತ್ತಿಕೊಂಡಿತು. ಮನೆಯವರು ಹಾಲಿನಲ್ಲಿ ಕೂತು ಎಲ್ಲ ಆನ್ ಮಾಡು ಎಂದು ಸ್ಪೀಕರಿಗೆ ಹೇಳಿದರು, ಆ ಗುಂಪಿನಲ್ಲಿ ನಿಮ್ಮ ಸಾ ಕೂಡ ಇತ್ತು. ಹಳೆಯ ಮಾದರಿಯ ರಿಮೋಟ್ ಸಾಕೆಟ್ಟಿನ ಒಳಗೆ ಮನೆಗೊಂದು ಕೋಡ್ ಇಡಲು ಐದು ಪುಟ್ಟ ಸ್ವಿಚ್ಚುಗಳಿರುತ್ತವೆ, ಅಂದರೆ 32 ಕೋಡು ಮಾತ್ರ. ಪಕ್ಕದ ಮನೆಯವರೂ ಅದೇ ಸೆಟ್ಟು ತಂದು ಸ್ವಿಚ್ಚು ಮುಟ್ಟದೆ ಹಾಕಿಕೊಂಡರೆ ಅವರ ಹಜಾರದ ಲೈಟೂ ನಿಮ್ಮ ಸಾ ಕೂಡ ಒಂದೇ ಬಟನ್ನಿಗೆ.

ನಾನು ಕೆಲಸ ಕಲಿತ ಕಡೆ ಮಷೀನಿಗೆ ಕೈ ಹಾಕುವ ಮುಂಚೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕಿತ್ತು. ನನ್ನ ಜೇಬಿನಲ್ಲಿ ಫ್ಯೂಸ್ ಇರುವ ತನಕ ಆ ಮಷೀನನ್ನು ಯಾರೂ ಓಡಿಸಲಾರರು. 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್ನಿನಲ್ಲೂ ಇದೇ ಇತ್ತು: ಆಫ್‌ನಿಂದ ಆನ್‌ಗೆ ತಾನಾಗಿ ಜಾರಬಹುದಾದ ಸ್ವಿಚ್ಚಾದರೆ ಅದನ್ನು ಆಫ್‌ನಲ್ಲೇ ಲಾಕ್ ಮಾಡುವ ವ್ಯವಸ್ಥೆ ಇರಲೇಬೇಕು. ಮನೆಗೆ ಆ ಕಾಯ್ದೆ ಬರಲಿಲ್ಲ, ಆದರೆ ಬ್ಲೇಡಿಗೆ ಮನೆ ಯಾವುದು ಕಾರ್ಖಾನೆ ಯಾವುದು ಎಂದು ಗೊತ್ತಾಗುವುದಿಲ್ಲ.

ನನ್ನ ಮಾತು ಇಷ್ಟು. ಕೊಯ್ಯುವ, ಕೆರೆಯುವ, ಕೊರೆಯುವ ಮಷೀನನ್ನು ರಿಮೋಟ್ ನಿಲ್ಲಿಸಬಹುದು. ಶುರು ಮಾಡಬಾರದು.

ಕೋಡುಗಾರ, ಬೆಂಗಳೂರು

ಸರ್, ಒಂದು ಸಂಶಯ. ನನ್ನ ಟೇಬಲ್ ಸಾದಲ್ಲಿ ಅದರದ್ದೇ ಸ್ವಿಚ್ ಇದೆ. ಅದನ್ನು ಆಫ್ ಮಾಡಿಯೇ ಬ್ಲೇಡಿಗೆ ಕೈ ಹಾಕುತ್ತೇನೆ. ಆಗ ರಿಮೋಟ್ ಆನ್ ಆದರೂ ಸಾ ಓಡುವುದಿಲ್ಲವಲ್ಲ?

ಮೇಂಟೆನೆನ್ಸ್, ಪೀಣ್ಯ

ಸರಿ. ಆದರೆ ರಿಮೋಟಿನಿಂದ ಶುರು ಮಾಡುವ ಅಭ್ಯಾಸ ಬಂದ ಮೇಲೆ ಮಷೀನಿನ ಸ್ವಿಚ್ಚು ಯಾವಾಗಲೂ ಆನ್‌ನಲ್ಲೇ ಇರುತ್ತದೆ. ಇಲ್ಲದಿದ್ದರೆ ರಿಮೋಟ್ ಕೆಲಸ ಮಾಡುವುದಿಲ್ಲ ಅಲ್ವಾ? ಅಪಾಯ ಇರುವುದು ಅಲ್ಲೇ. ಕೈಗೆ ಹತ್ತಿರದ ಸ್ವಿಚ್ಚು ಕೆಲಸ ಬಿಟ್ಟು, ದೂರದ ಸ್ವಿಚ್ಚು ಯಜಮಾನ ಆಗುತ್ತದೆ. ಸುಸ್ತಾಗಿರುವ ಸಂಜೆ ಹೊತ್ತಿನಲ್ಲಿ ಮಷೀನು ನಿಂತಿದೆ, ಸದ್ದಿಲ್ಲ, ಆಫ್ ಆಗಿದೆ ಎಂದುಕೊಂಡು ಕೈ ಹಾಕುತ್ತೀರಿ. ಅದು ಆಫ್ ಆಗಿಲ್ಲ, ಕಾಯುತ್ತಿದೆ.

ಆ್ಯಂಗಲ್ ಗ್ರೈಂಡರಿನ ಸ್ವಿಚ್ಚು ಮುಂದೆ ತಳ್ಳಿ ಸಿಕ್ಕಿಸಿಟ್ಟರೆ ಹಾಗೇ ನಿಲ್ಲುವಂಥದ್ದು ಇರುತ್ತದೆ. ಅದನ್ನು ಬೆಂಚಿನ ಮೇಲೆ ಹಾಗೇ ಇಟ್ಟು ರಿಮೋಟಿನಿಂದ ಕರೆಂಟ್ ಕೊಟ್ಟರೆ ಅದು ಬೆಂಚಿನಿಂದ ಹಾರಿಕೊಂಡೇ ಬರುತ್ತದೆ. ಕೈಯಲ್ಲಿ ಹಿಡಿಯುವ ಟೂಲುಗಳಿಗೆ ಇದು ಬೇಡವೇ ಬೇಡ.

ಗ್ಯಾರೇಜ್ ಬಡಗಿ, ಲೆಸ್ಟರ್

ಇಲ್ಲಿ ಇಂಗ್ಲೆಂಡಿನಲ್ಲಿ ಗ್ಯಾರೇಜಿನಲ್ಲಿ ಮರಗೆಲಸ ಮಾಡುವವರ ಹತ್ತಿರ ಮೂರು ಸಾಕೆಟ್, ಒಂದು ರಿಮೋಟ್ ಇರುವ ಸೆಟ್ಟು ಬಹಳ ಸಾಮಾನ್ಯ. 433 ಮೆಗಾಹರ್ಟ್ಸ್‌ನವು. ನಾನೂ ಪುಡಿ ಎಳೆಯುವ ಮಷೀನಿಗೆ, ಮೇಲೆ ನೇತುಹಾಕಿದ ಏರ್ ಫಿಲ್ಟರಿಗೆ, ಚಳಿಗಾಲದಲ್ಲಿ ಹೀಟರಿಗೆ ಬಳಸುತ್ತೇನೆ. ಇಲ್ಲಿಯ ಪ್ಲಗ್ಗಿನಲ್ಲೇ 13 ಆಂಪ್ ಫ್ಯೂಸ್ ಇರುತ್ತದೆ, ಅದೊಂದು ಅನುಕೂಲ.

ಪೀಣ್ಯದ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲಸದ ಜಾಗದ ಮಷೀನುಗಳಿಗೆ ಇಲ್ಲಿ 1998ರ ನಿಯಮ ಇದೆ, ಪ್ಯೂವರ್ ಎನ್ನುತ್ತಾರೆ. ಮಷೀನು ಯಾವ ಕಾರಣಕ್ಕೆ ನಿಂತಿದ್ದರೂ ಸರಿ, ಬೇಕೆಂದೇ ಒಂದು ಕಂಟ್ರೋಲ್ ಒತ್ತದೆ ಮತ್ತೆ ಶುರುವಾಗಬಾರದು ಎನ್ನುವುದು ಅದರಲ್ಲಿದೆ. ಅದಕ್ಕೇ ಸಣ್ಣ ಟೇಬಲ್ ಸಾ, ಬ್ಯಾಂಡ್ ಸಾಗಳಲ್ಲೂ ಹಸಿರು-ಕೆಂಪು ಬಟನ್ನಿನ ನೋ-ವೋಲ್ಟ್ ಸ್ವಿಚ್ ಇರುತ್ತದೆ. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಬಂದ ಮೇಲೆ ಮತ್ತೆ ಹಸಿರು ಒತ್ತಲೇಬೇಕು. ಅಂಥ ಮಷೀನಿಗೆ ರಿಮೋಟ್ ಸಾಕೆಟ್ ಹಾಕಿದರೆ ರಿಮೋಟಿನಿಂದ ಅದು ಶುರುವಾಗುವುದೇ ಇಲ್ಲ. ಕೆಲವರು ಇದನ್ನು ತೊಂದರೆ ಎಂದುಕೊಂಡು ಸ್ವಿಚ್ ಬದಲಿಸಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಗೊರಡು, ಮೈಸೂರು

ನನ್ನ ಸಾದಲ್ಲಿ ಈ ನೋ-ವೋಲ್ಟ್ ಇದೆಯಾ ಇಲ್ಲವಾ ಎಂದು ಹೇಗೆ ತಿಳಿಯುವುದು?

ಮೇಂಟೆನೆನ್ಸ್, ಪೀಣ್ಯ

ಮೇಜಿನ ಮೇಲೆ ಏನೂ ಇರಬಾರದು, ಬ್ಲೇಡ್ ಪೂರ್ತಿ ಕೆಳಗಿಳಿಸಿ. ಸಾ ಆನ್ ಮಾಡಿ. ಗೋಡೆಯ ಸ್ವಿಚ್ ಆಫ್ ಮಾಡಿ. ಬ್ಲೇಡ್ ಪೂರ್ತಿ ನಿಲ್ಲಲಿ. ಮಷೀನಿನ ಸ್ವಿಚ್ ಮುಟ್ಟದೆ ಗೋಡೆಯ ಸ್ವಿಚ್ ಆನ್ ಮಾಡಿ. ಬ್ಲೇಡ್ ತಿರುಗಿದರೆ ಇಲ್ಲ, ಸುಮ್ಮನಿದ್ದರೆ ಇದೆ. ಮಳೆಗಾಲದಲ್ಲಿ ಕರೆಂಟ್ ಪದೇಪದೇ ಹೋಗಿ ಬರುವ ಊರಲ್ಲಿ ಇದು ರಿಮೋಟಿಗಿಂತ ಮೊದಲು ಆಗಬೇಕಾದ ಕೆಲಸ. ಕರೆಂಟ್ ಹೋಯಿತೆಂದು ಚಹಾ ಕುಡಿಯಲು ಒಳಗೆ ಹೋಗುತ್ತೀರಿ. ಬಂದಾಗ ಶೆಡ್ಡಿನಲ್ಲಿ ಯಾರೂ ಇಲ್ಲದೆ ಬ್ಲೇಡು ತಿರುಗುತ್ತಿರಬಾರದು.

ಗೊರಡು, ಮೈಸೂರು

ಈಗಷ್ಟೇ ಮಾಡಿ ನೋಡಿದೆ. ತಿರುಗಿತು. ಬರೀ ಸಾದಾ ಸ್ವಿಚ್ಚು. ಹಾಗಾದರೆ ಸಾಗೆ ರಿಮೋಟ್ ವಿಚಾರ ಬಿಟ್ಟೆ, ಮೊದಲು ಅದನ್ನು ಸರಿ ಮಾಡುತ್ತೇನೆ. ಬೇರೆ ಸ್ವಿಚ್ ಎಲ್ಲಿ ಸಿಗುತ್ತದೆ?

ವೈಂಡಿಂಗ್ ಶಾಪ್, ದಾವಣಗೆರೆ

ಎಲ್ಲೂ ಹುಡುಕಬೇಡಿ. ಪಂಪಿಗೆ ಹಾಕುವ ಡಿಒಎಲ್ (ಮೋಟಾರಿಗೆ ನೇರ ಕರೆಂಟ್ ಕೊಡುವ) ಸ್ಟಾರ್ಟರ್ ಇದೆಯಲ್ಲ, ಅದೇ ನೋ-ವೋಲ್ಟ್ ಸ್ವಿಚ್. ಹಸಿರು ಒತ್ತಿದಾಗ ಕಾಯಿಲ್ ಎಳೆದುಕೊಳ್ಳುತ್ತದೆ, ಜೊತೆಗೇ ಒಂದು ಸಣ್ಣ ಕಾಂಟ್ಯಾಕ್ಟ್ ಮುಚ್ಚಿ ಅದೇ ಕಾಯಿಲಿಗೆ ಕರೆಂಟ್ ಕೊಡುತ್ತಿರುತ್ತದೆ. ಅದಕ್ಕೇ ಬೆರಳು ತೆಗೆದರೂ ನಿಂತಿರುತ್ತದೆ. ಕರೆಂಟ್ ಹೋದರೆ ಕಾಯಿಲ್ ಬಿಡುತ್ತದೆ, ಆ ಸಣ್ಣ ಕಾಂಟ್ಯಾಕ್ಟೂ ಬಿಡುತ್ತದೆ. ಆಮೇಲೆ ಕರೆಂಟ್ ಬಂದರೂ ಕಾಯಿಲಿಗೆ ತಲುಪುವ ದಾರಿ ಇಲ್ಲ. ಕರ್ನಾಟಕದ ಯಾವ ತಾಲ್ಲೂಕಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಜನ ಎಲ್ ಆಂಡ್ ಟಿ ಎಂದೇ ಕೇಳುತ್ತಾರೆ, ಈಗ ಅದು ಲಾರಿಟ್ಜ್ ನಡ್ಸನ್ ಹೆಸರಿನಲ್ಲಿ ಬರುತ್ತಿದೆ. ಬೇರೆ ಕಂಪನಿಯದ್ದೂ ಆಗುತ್ತದೆ.

ಎರಡು ವಿಷಯ ಒತ್ತಿ ಹೇಳಿ. ಕಾಯಿಲ್ 240 ವೋಲ್ಟಿನದು ಬೇಕು, ಸುಮ್ನೆ ಕೇಳಿದರೆ 415ರದ್ದು ಕೊಡುತ್ತಾರೆ, ಅದು ಸಿಂಗಲ್ ಫೇಸಿನಲ್ಲಿ ಎಳೆಯುವುದಿಲ್ಲ. ಆಂಪ್ ಜಾಸ್ತಿಯಾದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇಯ ರೇಂಜು ನಿಮ್ಮ ಮೋಟಾರಿನ ನೇಮ್‌ಪ್ಲೇಟಿನ ಆಂಪಿಗೆ ಸರಿಹೋಗಬೇಕು. ಸ್ಟಾರ್ಟರಿನಲ್ಲಿ ಮೂರು ದಾರಿ ಇರುತ್ತವೆ, ನಿಮ್ಮ ಹತ್ತಿರ ಎರಡೇ ವೈರು. ಫೇಸನ್ನು ಎರಡು ದಾರಿಯಲ್ಲಿ ಒಂದಾದ ಮೇಲೊಂದು ಹಾಯಿಸಿ, ನ್ಯೂಟ್ರಲನ್ನು ಮೂರನೆಯದರಲ್ಲಿ ಹಾಯಿಸಿ. ಆಗ ಓವರ್‌ಲೋಡಿನ ಮೂರೂ ಪಟ್ಟಿಗಳು ಒಂದೇ ಸಮ ಬಿಸಿಯಾಗುತ್ತವೆ. ಒಂದನ್ನು ಖಾಲಿ ಬಿಟ್ಟರೆ ಕೆಲವು ರಿಲೇಗಳು ಫೇಸ್ ಹೋಯಿತೆಂದು ತಿಳಿದು ಬೇಗ ಟ್ರಿಪ್ ಆಗುತ್ತವೆ.

ಪೀಣ್ಯದವರು ಹೇಳಿದ ‘ನಿಲ್ಲಿಸಬಹುದು, ಶುರು ಮಾಡಬಾರದು’ ಅನ್ನುವುದು ಇದರಲ್ಲಿ ಸುಲಭ. ಕಾಯಿಲಿಗೆ ಹೋಗುವ ವೈರು ಕೆಂಪು ಬಟನ್ ದಾಟಿ ಹೋಗುತ್ತದೆ. ಆ ವೈರನ್ನೇ ಕತ್ತರಿಸಿ ನಡುವೆ ರಿಮೋಟ್ ರಿಸೀವರಿನ ಕಾಂಟ್ಯಾಕ್ಟ್ ಸೇರಿಸಿ. ರಿಮೋಟ್ ಆಫ್ ಒತ್ತಿದರೆ ಕಾಯಿಲ್ ಬಿಡುತ್ತದೆ, ಸಾ ನಿಲ್ಲುತ್ತದೆ. ರಿಮೋಟ್ ಆನ್ ಒತ್ತಿದರೆ ಏನೂ ಆಗುವುದಿಲ್ಲ, ಹಸಿರು ಬಟನ್ ಒತ್ತಲು ಅನುಮತಿ ಸಿಕ್ಕಿತು ಅಷ್ಟೇ. ರಿಸೀವರೇ ಕೆಟ್ಟು ಕರೆಂಟ್ ಇಲ್ಲದಂತಾದರೂ ಸಾ ನಿಲ್ಲುತ್ತದೆ.

ಕೋಡುಗಾರ, ಬೆಂಗಳೂರು

ಅದಕ್ಕೆ ನಮ್ಮ ಸ್ಮಾರ್ಟ್ ಪ್ಲಗ್ಗನ್ನೇ ಬಳಸಬಹುದಾ? ಕಾಯಿಲಿಗೆ ಬೇಕಾದ ಕರೆಂಟನ್ನು ಪ್ಲಗ್ಗಿನಿಂದ ಕೊಟ್ಟರೆ ಆಯಿತಲ್ಲ.

ವೈಂಡಿಂಗ್ ಶಾಪ್, ದಾವಣಗೆರೆ

ಬೇಡ. ಹಾಗೆ ಮಾಡಿದರೆ ಒಂದೇ ಮಷೀನಿಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ. ನಾಳೆ ಬ್ಲೇಡ್ ಬದಲಿಸಲು ಮಷೀನಿನ ಪ್ಲಗ್ ಕಿತ್ತರೂ ಸ್ಟಾರ್ಟರ್ ಬಾಕ್ಸಿನೊಳಗೆ 230 ವೋಲ್ಟ್ ಉಳಿದಿರುತ್ತದೆ. ಒಂದು ಪ್ಲಗ್ ಕಿತ್ತರೆ ಪೂರ್ತಿ ಸತ್ತುಹೋಗಬೇಕು. ಕರೆಂಟ್ ಕೊಡದೆ ಬರೀ ಸ್ವಿಚ್ಚಿನ ಹಾಗೆ ಎರಡು ಟರ್ಮಿನಲ್ ಕೊಡುವ ಮಾಡ್ಯೂಲ್ ಸಿಗುತ್ತದೆ, ಡ್ರೈ ಕಾಂಟ್ಯಾಕ್ಟ್ ಎಂದು ಕೇಳಿ. ಅದಕ್ಕೂ ಕರೆಂಟನ್ನು ಅದೇ ಸ್ಟಾರ್ಟರಿನ ಒಳಬರುವ ವೈರಿನಿಂದ ಕೊಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಪ್ಲಗ್ಗಿನ ಒಳಗಿನ ರಿಲೇ ಕಡಿಯುವುದು ಬಹುತೇಕ ಫೇಸ್ ಒಂದನ್ನೇ. ಗೋಡೆಯ ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ನ್ಯೂಟ್ರಲ್ ಕಡಿದು ಮಷೀನಿನಲ್ಲಿ ಫೇಸ್ ಹಾಗೇ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ಇಂಥದ್ದು ಬೇಕಾದಷ್ಟು ನೋಡಿದ್ದೇನೆ. ಸಾಕೆಟ್ಟಿನ ಮುಂದೆ ನಿಂತಾಗ ದೊಡ್ಡ ಅರ್ಥ್ ತೂತು ಮೇಲೆ, ಬಲಗಡೆ ಫೇಸ್ ಇರಬೇಕು. ಟೆಸ್ಟರ್ ಹಾಕಿ ನೋಡಿ.

ಉಳಿಪೆಟ್ಟು, ಹುಬ್ಬಳ್ಳಿ

ಅಂದರೆ ರಿಮೋಟಿನ ಆಫ್ ಬಟನ್ನನ್ನು ಎಮರ್ಜೆನ್ಸಿ ಸ್ಟಾಪ್ ಎಂದುಕೊಳ್ಳಬಹುದಾ?

ಮೇಂಟೆನೆನ್ಸ್, ಪೀಣ್ಯ

ಇಲ್ಲ ಮೇಡಂ. ಸೆಲ್ ಮುಗಿದಿರಬಹುದು, ಸಿಗ್ನಲ್ ಸಿಗದಿರಬಹುದು, ರಿಮೋಟ್ ಆ ಕ್ಷಣಕ್ಕೆ ಕೈಗೆ ಸಿಗದಿರಬಹುದು. ಕ್ರೇನುಗಳಲ್ಲಿ ರಿಮೋಟ್ ಇರುತ್ತದಲ್ಲ, ಅವುಗಳ ಸಂಪರ್ಕ ತಪ್ಪಿದ ಕೂಡಲೇ ಮಷೀನು ತಾನಾಗಿ ನಿಲ್ಲುವ ಹಾಗೆ ಮಾಡಿರುತ್ತಾರೆ. ಕೀಚೈನ್ ರಿಮೋಟಿನಲ್ಲಿ ಅದೆಲ್ಲ ಇಲ್ಲ. ಸಾದ ಮುಂಭಾಗದಲ್ಲಿ, ತೊಡೆ ಅಥವಾ ಮೊಣಕಾಲಿನಿಂದ ಒತ್ತುವ ಎತ್ತರದಲ್ಲಿ, ದೊಡ್ಡ ಕೆಂಪು ಅಣಬೆ ಬಟನ್ ಹಾಕಿ. ಎರಡೂ ಕೈ ಹಲಗೆ ಹಿಡಿದಿರುವಾಗ ಬೇಕಾಗುವುದು ಅದೇ. ಅದನ್ನೂ ಕಾಯಿಲ್ ವೈರಿನಲ್ಲೇ ಸೇರಿಸಿ. ರಿಮೋಟ್ ಸ್ಟಾಪ್ ಇರುವುದು ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ನಿಂತವರು ನಿಲ್ಲಿಸಲು. ಮಕ್ಕಳಿಗೆ, ಹೊಸಬರಿಗೆ ಕಲಿಸುವಾಗ ಅದು ನಿಜವಾಗಿ ಬೆಲೆ ಬಾಳುತ್ತದೆ.

ಅಡಿಕೆ ತೋಟ, ತೀರ್ಥಹಳ್ಳಿ

ಒಪ್ಪಿದೆ. ನಮ್ಮಲ್ಲೂ ಪಂಪ್ ಬಿಚ್ಚುವ ದಿನ ಮೊದಲು ಫ್ಯೂಸ್ ಕೀಳುವುದೇ. ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗುವ ಹಾಗೆ ‘ಆಟೋ’ದಲ್ಲಿ ಇಟ್ಟಿರುವ ಸ್ಟಾರ್ಟರಿನ ಮುಂದೆ ಕೈ ಹಾಕಬಾರದೆಂದು ಅಪ್ಪ ಹೇಳುತ್ತಲೇ ಇರುತ್ತಾರೆ. ಅಡಿಕೆ ಸುಲಿಯುವ ಮಷೀನಿಗೂ ಇದೇ ಮಾತು ಅನ್ವಯ ಅಲ್ವಾ? ಸುಗ್ಗಿಯಲ್ಲಿ ಅದರ ಸುತ್ತ ಜನ ಜಾಸ್ತಿ. ಅದಕ್ಕೂ ಮೊಬೈಲ್ ಕಂಟ್ರೋಲ್ ಹಾಕಿಸುವ ಮಾತು ಮನೆಯಲ್ಲಿ ಬಂದಿತ್ತು. ಬೇಡ ಎನ್ನುತ್ತೇನೆ.

ಮೇಂಟೆನೆನ್ಸ್, ಪೀಣ್ಯ

ಖಂಡಿತ ಬೇಡ. ಬೆಲ್ಟು, ರೋಲರು ಇರುವ ಯಾವುದಕ್ಕೂ ಬೇಡ. ಅದಕ್ಕೂ ಸ್ಟಾಪ್ ಬಟನ್ ಎರಡು ಬದಿಯಲ್ಲಿ ಹಾಕಿಸಿ.

ಗೊರಡು, ಮೈಸೂರು

ಕಂಪ್ರೆಸರ್ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಬ್ಲೇಡ್ ಇಲ್ಲ. ರಿಮೋಟ್ ಆಗಬಹುದಾ?

ವೈಂಡಿಂಗ್ ಶಾಪ್, ದಾವಣಗೆರೆ

ಅದರಲ್ಲಿ ಬೇರೆ ಕಷ್ಟ ಇದೆ. ಟ್ಯಾಂಕ್ ತುಂಬಿದಾಗ ಪ್ರೆಶರ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ, ಆಗ ಪುಸ್ ಎಂದು ಗಾಳಿ ಬಿಡುವುದು ಕೇಳಿರುತ್ತೀರಿ. ಅದು ಪಿಸ್ಟನ್ನಿನ ಮೇಲಿನ ಪೈಪಿನ ಗಾಳಿ. ಅದು ಹೋದರೆ ಮುಂದಿನ ಸಲ ಮೋಟಾರು ಹಗುರಾಗಿ ಶುರುವಾಗುತ್ತದೆ. ಆ ಗಾಳಿ ಬಿಡುವ ವಾಲ್ವನ್ನು ಒತ್ತುವುದು ಪ್ರೆಶರ್ ಸ್ವಿಚ್ಚಿನ ಸನ್ನೆ (ಲಿವರ್). ನೀವು ನಡುವೆ ಗೋಡೆಯಲ್ಲೋ ರಿಮೋಟಿನಲ್ಲೋ ಕರೆಂಟ್ ತೆಗೆದರೆ ಸನ್ನೆ ಅಲ್ಲಾಡುವುದಿಲ್ಲ, ಪುಸ್ ಆಗುವುದಿಲ್ಲ, ಗಾಳಿ ಅಲ್ಲೇ ಉಳಿಯುತ್ತದೆ. ಮತ್ತೆ ಆನ್ ಮಾಡಿದಾಗ ಮೋಟಾರು ತಿರುಗಲಾರದೆ ಹೂಂಗುಟ್ಟುತ್ತದೆ. ವೋಲ್ಟೇಜ್ ಕಡಿಮೆ ಇರುವ ಊರಲ್ಲಿ ಇನ್ನೂ ಕೆಟ್ಟದ್ದು. ಸುಟ್ಟ ಕಂಪ್ರೆಸರ್ ಮೋಟಾರುಗಳಲ್ಲಿ ಹೀಗೆ ಸುಟ್ಟವು ಬಹಳ. ನಿಲ್ಲಿಸುವುದಿದ್ದರೆ ಮಷೀನಿನ ಮೇಲಿನ ಕೆಂಪು ಗುಂಡಿಯಿಂದಲೇ ನಿಲ್ಲಿಸಿ.

ಉಳಿಪೆಟ್ಟು, ಹುಬ್ಬಳ್ಳಿ

ಇದು ಎಲ್ಲರಿಗೂ ಉಪಯೋಗಕ್ಕೆ ಬರುವ ಮಾಹಿತಿ. ಗೊರಡು ಸರ್, ಇನ್ನೊಂದು ಲೆಕ್ಕ ನೋಡಿಕೊಳ್ಳಿ. ನಿಮ್ಮ ಸಾ 1800 ವ್ಯಾಟ್, ಅಂದರೆ 8 ಆಂಪ್ ಹತ್ತಿರ. ಕಲೆಕ್ಟರ್ 12. ಎರಡೂ ಒಂದೇ ಸಾಕೆಟ್ ಲೈನಿನಲ್ಲಿ ಇದ್ದರೆ 20 ಆಯಿತು, ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ 16ರದ್ದು ಇರುತ್ತದೆ. ಹಲಗೆ ಕೊಯ್ಯುವ ನಡುವೆ ಟ್ರಿಪ್ ಆಗುತ್ತದೆ.

ಗೊರಡು, ಮೈಸೂರು

ಒಂದೇ ಲೈನಿನಲ್ಲಿ ಇವೆ ಮೇಡಂ! ಆಗಾಗ ಟ್ರಿಪ್ ಆಗುವುದು ಅದಕ್ಕೇ ಇರಬೇಕು.

ಸರಿ, ಈಗ ಹೀಗೆ ಮಾಡುತ್ತೇನೆ. ಕಲೆಕ್ಟರಿಗೆ ಬೇರೆ ಲೈನ್ ಎಳೆಸುತ್ತೇನೆ. ಅದಕ್ಕೆ 18 ಆಂಪ್ ಎಸಿ-3 ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಡ್ರೈ ಕಾಂಟ್ಯಾಕ್ಟ್ ರಿಸೀವರ್. ಅದು ಮಾತ್ರ ರಿಮೋಟಿನಿಂದ ಶುರುವಾಗಲಿ. ಸಾಗೆ ಸ್ಟಾರ್ಟರ್, ಅಣಬೆ ಬಟನ್, ಬೇಕಿದ್ದರೆ ರಿಮೋಟ್ ಸ್ಟಾಪ್. ಕಂಪ್ರೆಸರ್, ಗ್ರೈಂಡರ್ ಈಗಿರುವ ಹಾಗೆ. ಏನಾದರೂ ಬಿಟ್ಟಿದ್ದೀನಾ?

ವೈಂಡಿಂಗ್ ಶಾಪ್, ದಾವಣಗೆರೆ

ಸರಿಯಾಗಿದೆ. ಕಲೆಕ್ಟರ್ ಲೈನಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿಸಿ, ಶುರುವಿನಲ್ಲಿ ವೋಲ್ಟೇಜ್ ಬೀಳುವುದು ಕಡಿಮೆಯಾಗುತ್ತದೆ. ಎಂಸಿಬಿ ಸಿ ಟೈಪಿನದು, ಬಿ ಟೈಪ್ ಆದರೆ ಮೋಟಾರು ಏಳುವಾಗಲೇ ಬೀಳುತ್ತದೆ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಈ ನೆಪದಲ್ಲೇ ಹಾಕಿಸಿಬಿಡಿ. ಅರ್ಥ್ ಚೆಕ್ ಮಾಡಿಸಿ. ವೈರಿಂಗ್ ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ, ಈ ಚರ್ಚೆಯನ್ನು ಅವರಿಗೆ ತೋರಿಸಿ.

ರಿಮೋಟ್ ಸಿಕ್ಕಿತೆಂದು ಕಲೆಕ್ಟರನ್ನು ಪ್ರತಿ ಸಲ ಕೊಯ್ಯುವಾಗಲೂ ಆನ್-ಆಫ್ ಮಾಡಬೇಡಿ. ಪ್ರತಿ ಸಲ ಏಳುವಾಗಲೂ ಸ್ಟಾರ್ಟಿಂಗ್ ಕೆಪಾಸಿಟರ್, ಮೋಟಾರು ವೇಗಕ್ಕೆ ಬಂದ ಮೇಲೆ ಅದನ್ನು ಕಡಿಯುವ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಎರಡಕ್ಕೂ ಪೆಟ್ಟು. ಐದಾರು ಹಲಗೆ ಕೊಯ್ಯುವುದಿದ್ದರೆ ಓಡುತ್ತಲೇ ಇರಲಿ.

ಗೊರಡು, ಮೈಸೂರು

ಕಾಂಟ್ಯಾಕ್ಟರ್ ಬಾಕ್ಸನ್ನು ಕಲೆಕ್ಟರಿನ ಮೇಲೇ ಕೂರಿಸಬಹುದಾ, ಗೋಡೆಗೆ ಹಾಕಲಾ?

ವೈಂಡಿಂಗ್ ಶಾಪ್, ದಾವಣಗೆರೆ

ಗೋಡೆಗೆ. ಕಲೆಕ್ಟರ್ ನಡುಗುತ್ತದೆ, ಸ್ಕ್ರೂಗಳು ಸಡಿಲವಾಗುತ್ತವೆ. ರಬ್ಬರ್ ಗ್ಯಾಸ್ಕೆಟ್ ಇರುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ಐಪಿ 65 ಎಂದು ಬರೆದಿರುತ್ತದೆ. ವೈರುಗಳು ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಗೆ ಬರಲಿ. ಮರದ ಸಣ್ಣ ಪುಡಿ ಕಾಂಟ್ಯಾಕ್ಟರಿನ ಕಬ್ಬಿಣದ ಎರಡು ಮುಖಗಳ ನಡುವೆ ಕೂತರೆ ಅವು ಪೂರ್ತಿ ಅಂಟುವುದಿಲ್ಲ, ಗುಂಯ್ ಎನ್ನಲು ಶುರುವಾಗುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಆ ಸದ್ದು ಕೇಳಿದರೆ ಪ್ಲಗ್ ಕಿತ್ತು, ಬಿಚ್ಚಿ, ಒಣ ಬಟ್ಟೆಯಲ್ಲಿ ಮುಖ ಒರೆಸಿ. ಎಣ್ಣೆ ಹಾಕಬೇಡಿ, ಪುಡಿ ಇನ್ನೂ ಹಿಡಿಯುತ್ತದೆ.